ಕಿವಿಯಿಂದ ಓದಿದ ಪುಸ್ತಕ

ಕಳೆದ ದಸರಾ ರಜೆಯಲ್ಲಿ ನನ್ನ ತಂಗಿಯ ಮಗ ನಮ್ಮ ಮನೆಗೆ ಬಂದಿದ್ದ. ಎಂಟನೆಯ ತರಗತಿ, ಇಂಗ್ಲಿಷ್ ಮಾಧ್ಯಮ. ಬಂದ ದಿನದಿಂದಲೂ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಎರಡೂ ಕಿವಿಗೆ ವೈರು ಸಿಕ್ಕಿಸಿಕೊಂಡು, ಎದುರಿನ ತೆಂಗಿನ ಮರವನ್ನೇ ನೋಡುತ್ತಿದ್ದ. ಕರೆದರೆ ಉತ್ತರವಿಲ್ಲ. ಊಟಕ್ಕೆ ಮೂರು ಸಲ ಕೂಗಬೇಕು. ಮೂರನೆಯ ದಿನ ನನ್ನೊಳಗಿನ ಮೇಷ್ಟ್ರಿಗೆ ತಡೆಯಲಾಗಲಿಲ್ಲ. “ಏನಯ್ಯಾ, ರಜೆ ಅಂದರೆ ಹಗಲಿಡೀ ಸಿನಿಮಾ ಹಾಡೇ? ಕೈಯಲ್ಲಿ ಒಂದು ಪುಸ್ತಕ ಹಿಡಿಯಬಾರದೇ?” ಎಂದೆ.

ಅವನು ಒಂದು ಕಿವಿಯ ವೈರು ತೆಗೆದು, “ಇದು ಪುಸ್ತಕವೇ ಮಾವ,” ಎಂದ. ನಾನು ನಂಬಲಿಲ್ಲವೆಂದು ಮುಖ ನೋಡಿಯೇ ಗೊತ್ತಾಗಿರಬೇಕು. ಆ ವೈರನ್ನು ನನ್ನ ಕಿವಿಗೆ ಇಟ್ಟ. ಒಬ್ಬ ಹಿರಿಯರ ತಣ್ಣನೆಯ ದನಿ ಇಂಗ್ಲಿಷಿನಲ್ಲಿ ಕಥೆ ಹೇಳುತ್ತಿತ್ತು. ನಡುವೆ ಒಂದು ಹುಡುಗಿಯ ದನಿ, ಸಿಟ್ಟು, ಪಿಸುಮಾತು. “ಮೊದಲಿಂದ ಹಾಕು,” ಎಂದು ಪಕ್ಕದಲ್ಲಿ ಕೂತೆ. ಹೆಂಡತಿ ಕಾಫಿ ತಂದಿಟ್ಟು, ಅದು ಆರಿ ಹೋದದ್ದು ಆಮೇಲೆ ತಿಳಿಯಿತು.

ಆ ಪುಸ್ತಕ ಫಿಲಿಪ್ ಪುಲ್‌ಮನ್ ಎಂಬ ಇಂಗ್ಲಿಷ್ ಲೇಖಕರ ‘ನಾರ್ದರ್ನ್ ಲೈಟ್ಸ್’. 1995ರಲ್ಲಿ ಪ್ರಕಟವಾದದ್ದು, ಅಮೆರಿಕದಲ್ಲಿ ಇದರ ಹೆಸರು ‘ದಿ ಗೋಲ್ಡನ್ ಕಂಪಾಸ್’. ಮಕ್ಕಳ ಸಾಹಿತ್ಯಕ್ಕೆ ಬ್ರಿಟನ್ನಿನಲ್ಲಿ ಕೊಡುವ ಕಾರ್ನೆಗಿ ಪದಕ ಇದಕ್ಕೆ ಬಂತು. ಆ ಪದಕಕ್ಕೆ ಎಪ್ಪತ್ತು ವರ್ಷ ತುಂಬಿದಾಗ, 2007ರಲ್ಲಿ, ಅಷ್ಟೂ ವರ್ಷಗಳ ಪದಕವಿಜೇತ ಪುಸ್ತಕಗಳಲ್ಲಿ ಯಾವುದು ಶ್ರೇಷ್ಠವೆಂದು ಜನರ ಮತ ಕೇಳಿದರೆ ಗೆದ್ದದ್ದೂ ಇದೇ. 1997 ಮತ್ತು 2000ದಲ್ಲಿ ಇನ್ನೆರಡು ಭಾಗಗಳು ಬಂದು ಮೂರು ಪುಸ್ತಕಗಳ ಮಾಲೆಯಾಯಿತು. ನಾವು ಕೇಳಿದ ಧ್ವನಿಮುದ್ರಣದಲ್ಲಿ ನಿರೂಪಕರು ಸ್ವತಃ ಪುಲ್‌ಮನ್. ಪಾತ್ರಗಳಿಗೆ ಬೇರೆ ಬೇರೆ ನಟನಟಿಯರ ದನಿ. ಒಟ್ಟು ಸುಮಾರು 11 ಗಂಟೆ.

ಕಥೆ ಶುರುವಾಗುವುದೇ ಕದ್ದು ಕೇಳುವುದರಿಂದ. ನಮ್ಮ ಲೋಕದಂತೆಯೇ ಇದ್ದೂ ನಮ್ಮದಲ್ಲದ ಒಂದು ಲೋಕ. ಅಲ್ಲಿಯೂ ಒಂದು ಆಕ್ಸ್‌ಫರ್ಡ್ ಇದೆ. ಅಲ್ಲಿನ ಜೋರ್ಡನ್ ಕಾಲೇಜಿನಲ್ಲಿ ಪಂಡಿತರ ನಡುವೆ ಹೇಳುವವರು ಕೇಳುವವರು ಇಲ್ಲದೆ ಬೆಳೆದ ಲೈರಾ ಎಂಬ ಹುಡುಗಿ, ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲದ ಕೋಣೆಗೆ ನುಗ್ಗಿ, ಕುರ್ಚಿಯ ಹಿಂದೆ ಅಡಗಿಕೊಳ್ಳುತ್ತಾಳೆ. ಕಾಲೇಜಿನ ಮುಖ್ಯಸ್ಥರು ಅವಳ ಚಿಕ್ಕಪ್ಪನಿಗಾಗಿ ಇಟ್ಟ ಮದ್ಯಕ್ಕೆ ಏನೋ ಪುಡಿ ಬೆರೆಸುವುದನ್ನು ಅಲ್ಲಿಂದಲೇ ನೋಡುತ್ತಾಳೆ. ಆಮೇಲೆ ಚಿಕ್ಕಪ್ಪ ಬಂದು ಉತ್ತರಧ್ರುವದ ಕಡೆ ತೆಗೆದ ಚಿತ್ರಗಳನ್ನು ಪಂಡಿತರಿಗೆ ತೋರಿಸುತ್ತಾನೆ. ಅವಳು ಕಂಡದ್ದು ಸ್ವಲ್ಪ, ಕೇಳಿಸಿಕೊಂಡದ್ದು ಹೆಚ್ಚು. ಜಗಲಿಯಲ್ಲಿ ಒಂದೊಂದು ಕಿವಿಗೆ ಒಂದೊಂದು ವೈರು ಹಂಚಿಕೊಂಡು ಕೂತ ನಮ್ಮ ಸ್ಥಿತಿಯೂ ಅದೇ ಆಗಿತ್ತು.

ಮುಂದಿನ ಭಾನುವಾರ ತಂಗಿ ಮಗನನ್ನು ಕರೆದೊಯ್ಯಲು ಬಂದಳು. ಅವನು ಹಿತ್ತಲಲ್ಲಿದ್ದಾಗ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಕೇಳಿದಳು: “ಅಣ್ಣಾ, ನೀನೂ ಅವನ ಜೊತೆ ಸೇರಿದೆಯಲ್ಲ! ಕೇಳುವುದು ಓದಿದ ಹಾಗೆ ಆಗುತ್ತದಾ? ಇದು ಕಳ್ಳದಾರಿ ಅಲ್ಲವಾ? ನಾನು ಆ ಫೋನು ಕಿತ್ತಿಡೋಣ ಅಂತಿದ್ದೇನೆ.”

ಅವಳ ಭಯಕ್ಕೆ ಕಾರಣವಿದೆ. ಹುಡುಗನಿಗೆ ಓದು ಬಹಳ ಕಷ್ಟ. ನಾಲ್ಕನೆಯ ತರಗತಿಯಲ್ಲಿದ್ದಾಗ ಪರೀಕ್ಷೆ ಮಾಡಿಸಿ ಡಿಸ್‌ಲೆಕ್ಸಿಯಾ ಎಂದಿದ್ದರು. ಅದು ದಡ್ಡತನವಲ್ಲ, ಕಣ್ಣಿನ ದೋಷವೂ ಅಲ್ಲ. ಬರೆದ ಅಕ್ಷರವನ್ನು ಅದರ ಶಬ್ದಕ್ಕೆ ಜೋಡಿಸುವ ಕೆಲಸ ಮಿದುಳಿನಲ್ಲಿ ಸರಾಗವಾಗಿ ನಡೆಯುವುದಿಲ್ಲ. ಒಂದು ಪುಟಕ್ಕೆ ಅವನು ಹತ್ತು ನಿಮಿಷ ಹೆಣಗುತ್ತಾನೆ. ಕೊನೆಯ ಸಾಲಿಗೆ ಬರುವಾಗ ಮೊದಲ ಸಾಲು ಮರೆತಿರುತ್ತದೆ. ಕೇಳುವುದೇ ರೂಢಿಯಾಗಿಬಿಟ್ಟರೆ ಇರುವ ಅಷ್ಟಿಷ್ಟು ಓದೂ ಬಿಟ್ಟುಹೋದೀತು ಎಂಬುದು ತಾಯಿಯ ಆತಂಕ.

ಈ ಪ್ರಶ್ನೆಗೆ ಉತ್ತರ ಹೇಳಲು ನನಗೆ ಸಹಾಯಕ್ಕೆ ಬಂದದ್ದು ಒಂದು ಸಣ್ಣ ಸೂತ್ರ. 1986ರಲ್ಲಿ ಗಫ್ ಮತ್ತು ಟನ್ಮರ್ ಎಂಬಿಬ್ಬರು ಸಂಶೋಧಕರು ಓದನ್ನು ಒಂದು ಗುಣಾಕಾರದ ಲೆಕ್ಕವಾಗಿ ಬರೆದರು. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಎಂದರೆ, ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದಾಗ ಬರುವ ಮೊತ್ತ. ಎರಡಕ್ಕೂ ಸೊನ್ನೆಯಿಂದ ಒಂದರವರೆಗೆ ಬೆಲೆ. ಇದು ಕೂಡಿಕೆಯಲ್ಲ, ಗುಣಾಕಾರ ಎಂಬುದನ್ನು ಗಮನಿಸಬೇಕು. ಒಬ್ಬ ಹುಡುಗನ ಗ್ರಹಿಕೆ 0.9, ಅಕ್ಷರ ಬಿಡಿಸುವ ಶಕ್ತಿ 0.2 ಎಂದಿಟ್ಟುಕೊಳ್ಳಿ. ಗುಣಿಸಿದರೆ 0.18. ಪರೀಕ್ಷೆಯ ಕಾಗದದಲ್ಲಿ ನಮಗೆ ಕಾಣುವುದು ಆ 18 ಮಾತ್ರ. ಒಳಗಿರುವ 90 ಕಾಣುವುದೇ ಇಲ್ಲ. ಅದನ್ನು ಕಾಣಬೇಕಾದರೆ ಅಕ್ಷರವನ್ನು ಪಕ್ಕಕ್ಕಿಟ್ಟು, ಅದೇ ವಿಷಯವನ್ನು ಅವನ ಕಿವಿಗೆ ಹಾಕಿ ನೋಡಬೇಕು.

ತಂಗಿಗೆ ತರಕಾರಿ ಚೀಟಿಯ ಹಿಂದೆ ಈ ಲೆಕ್ಕ ಬರೆದು ತೋರಿಸಿದೆ. ಆಮೇಲೆ ಹುಡುಗನನ್ನು ಕರೆದು, “ಕರಡಿ ಮೊದಲು ಬರುವ ಭಾಗ ಹೇಳು,” ಎಂದೆ. ಅವನು ಇಪ್ಪತ್ತು ನಿಮಿಷ ಹೇಳಿದ. ಯಾರು ಯಾರಿಗೆ ಏಕೆ ಹೆದರುತ್ತಾರೆ, ಯಾವ ಮಾತು ಸುಳ್ಳು, ಆ ಸುಳ್ಳು ಮುಂದೆ ಎಲ್ಲಿ ಕೆಲಸಕ್ಕೆ ಬರುತ್ತದೆ, ಒಂದೂ ತಪ್ಪಲಿಲ್ಲ. ತಂಗಿ ಒಗ್ಗರಣೆ ಸೌಟು ಹಿಡಿದು ನಿಂತಲ್ಲೇ ನಿಂತಿದ್ದಳು. ತನ್ನ ಮಗ ಇಷ್ಟು ಹೊತ್ತು ಒಂದೇ ವಿಷಯ ಮಾತಾಡಿದ್ದನ್ನು ಅವಳು ನೋಡಿರಲಿಲ್ಲವಂತೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಪಾಠ ಮಾಡುವಾಗ ಅವನ ಕಣ್ಣು ನನ್ನ ಮೇಲಿಂದ ಕದಲುತ್ತಿರಲಿಲ್ಲ. ಸೈಫನ್ ಏಕೆ ಕೆಲಸ ಮಾಡುತ್ತದೆ ಎಂದು ಬಾಯಲ್ಲಿ ಕೇಳಿದರೆ ಇಡೀ ತರಗತಿಗಿಂತ ಮೊದಲು ಕೈಯೆತ್ತುತ್ತಿದ್ದ. ಆದರೆ ಪುಸ್ತಕ ತೆಗೆದು ಗಟ್ಟಿಯಾಗಿ ಓದು ಎಂದರೆ ಅವನ ಬಾಯಿ ಕಟ್ಟುತ್ತಿತ್ತು. ಮನೆಯಲ್ಲಿ ಓದುವುದಿಲ್ಲ, ಉಡಾಫೆ ಎಂದುಕೊಂಡೆ. ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಪ್ರಗತಿ ಪತ್ರದಲ್ಲಿ ‘ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ನನ್ನ ಕೈಯಾರೆ ಬರೆದಿದ್ದೇನೆ. ಒಂಬತ್ತನೆಯ ತರಗತಿಗೆ ಅವನು ಶಾಲೆ ಬಿಟ್ಟ. ಬಿಎಡ್‌ನಲ್ಲಿ ಶೈಕ್ಷಣಿಕ ಮನಶ್ಶಾಸ್ತ್ರ ಓದಿಯೇ ನಾನು ಮೇಷ್ಟ್ರಾದವನು. ಆದರೂ ಆ ಎರಡನ್ನೂ, ಅವನ ಕಿವಿಯನ್ನೂ ಅವನ ಕಣ್ಣನ್ನೂ, ಬೇರೆ ಬೇರೆಯಾಗಿ ನೋಡಬೇಕೆಂದು ನನಗೆ ಹೊಳೆಯಲಿಲ್ಲ. ಈಗ ಅವನು ಪಕ್ಕದ ತಾಲ್ಲೂಕಿನಲ್ಲಿ ಪಂಪ್‌ಸೆಟ್ ಮೋಟಾರು ವೈಂಡಿಂಗ್ ಅಂಗಡಿ ಇಟ್ಟಿದ್ದಾನೆಂದು ಕೇಳಿದ್ದೇನೆ. ಹೋಗಿ ನೋಡಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಈ ಬಗೆಯ ಕಲಿಕಾ ತೊಂದರೆಯ ಹೆಸರೂ ಸೇರಿದೆ. ಅವನ ಕಾಲಕ್ಕೆ ಅದೂ ಇರಲಿಲ್ಲ.

ಕೇಳಿದ್ದಕ್ಕೂ ಓದಿದ್ದಕ್ಕೂ ಮಿದುಳು ಎಷ್ಟು ಭೇದ ಮಾಡುತ್ತದೆ ಎಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ 2019ರಲ್ಲಿ ವರದಿ ಪ್ರಕಟಿಸಿದರು. ಒಂಬತ್ತು ಜನರಿಗೆ ಕೆಲವು ಕಥೆಗಳನ್ನು ಕೇಳಿಸಿ, ಅವೇ ಕಥೆಗಳನ್ನು ಓದಿಸಿ, ಎರಡೂ ಸಲ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ಪದಗಳ ಅರ್ಥಕ್ಕೆ ಸ್ಪಂದಿಸುವ ಭಾಗಗಳ ನಕ್ಷೆ ಎರಡೂ ಸಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಬಾಗಿಲು ಎರಡಾದರೂ ಒಳಗಿನ ಮನೆ ಒಂದೇ ಅನ್ನಿ. ಒಂಬತ್ತು ಜನ ಎಂದರೆ ಸಣ್ಣ ಸಂಖ್ಯೆ, ಅವರೆಲ್ಲ ಚೆನ್ನಾಗಿ ಓದಬಲ್ಲ ವಯಸ್ಕರು ಎಂಬುದನ್ನೂ ಹೇಳಿಬಿಡುತ್ತೇನೆ. ವಿಜ್ಞಾನದ ಮೇಷ್ಟ್ರು ಅಷ್ಟಾದರೂ ಪ್ರಾಮಾಣಿಕನಾಗಿರಬೇಕಲ್ಲ!

ಹಾಗೆ ನೋಡಿದರೆ ಕಿವಿಯಿಂದ ಓದುವ ಪುಸ್ತಕ ಸೋಮಾರಿಗಳಿಗಾಗಿ ಹುಟ್ಟಿದ್ದಲ್ಲ. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಕಂಡುಹಿಡಿದು, ಮರುವರ್ಷವೇ ಅದರ ಉಪಯೋಗಗಳ ಪಟ್ಟಿ ಬರೆದಾಗ, ಕುರುಡರಿಗಾಗಿ ಮಾತಾಡುವ ಪುಸ್ತಕ ಎಂಬುದೂ ಅದರಲ್ಲಿತ್ತು. 1930ರ ದಶಕದಲ್ಲಿ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಅದು ಕೈಗೂಡಿತು. ಬ್ರಿಟನ್ನಿನಲ್ಲಿ 1935ರಲ್ಲಿ ಶುರುವಾದ ಸೇವೆಗೆ ಮುಖ್ಯ ಪ್ರೇರಣೆ ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡು ಬಂದ ಸೈನಿಕರು. ಆಗಿನ ತಟ್ಟೆಯ ಒಂದು ಬದಿಗೆ ಸುಮಾರು 25 ನಿಮಿಷದ ಓದು. ನಮ್ಮ ಲೈರಾಳ ಕಥೆಗೆ ಅಂಥ 14 ತಟ್ಟೆ ಬೇಕಾಗುತ್ತಿತ್ತು! 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ ಬಂತು. ಒಂದು ಗಂಟೆಯ ಕ್ಯಾಸೆಟ್ಟಾದರೆ 11 ಸಾಕು. ಈಗ ಸೆಕೆಂಡಿಗೆ 64 ಕಿಲೋಬಿಟ್ ಲೆಕ್ಕದಲ್ಲಿ ಗಂಟೆಗೆ 28.8 ಮೆಗಾಬೈಟ್, 11 ಗಂಟೆಗೆ ಎಷ್ಟಾಯಿತೆಂದು ಮಕ್ಕಳು ಗುಣಿಸಿ ನೋಡಲಿ.

ಪುಲ್‌ಮನ್ನರ ಈ ಮಾಲೆಗೆ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಎಂಬ ಹೆಸರು ಬಂದದ್ದು ಮಿಲ್ಟನ್ ಕವಿಯ ‘ಪ್ಯಾರಡೈಸ್ ಲಾಸ್ಟ್’ ಕಾವ್ಯದಿಂದ. 1667ರಲ್ಲಿ ಅಚ್ಚಾದ ಆ ಕಾವ್ಯವನ್ನು ಮಿಲ್ಟನ್ ಕೈಯಿಂದ ಬರೆದದ್ದಲ್ಲ. ಅಷ್ಟರಲ್ಲಿ ಅವನಿಗೆ ಪೂರ್ತಿ ಕಣ್ಣು ಹೋಗಿತ್ತು. ಮನಸ್ಸಿನಲ್ಲಿ ಕಟ್ಟಿದ ಸಾಲುಗಳನ್ನು ಬಾಯಲ್ಲಿ ಹೇಳುತ್ತಿದ್ದ, ಬೇರೆಯವರು ಬರೆದುಕೊಳ್ಳುತ್ತಿದ್ದರು. ಪುಲ್‌ಮನ್ ಕೂಡ ಲೇಖಕರಾಗಿ ಹೆಸರು ಮಾಡುವ ಮೊದಲು ಆಕ್ಸ್‌ಫರ್ಡಿನಲ್ಲಿ ಶಾಲಾ ಮೇಷ್ಟ್ರಾಗಿದ್ದವರು. ಹನ್ನೆರಡು ಹದಿಮೂರರ ಮಕ್ಕಳಿಗೆ ಇಲಿಯಡ್, ಒಡಿಸ್ಸಿ ಕಥೆಗಳನ್ನು ಪುಸ್ತಕ ನೋಡದೆ, ಬಾಯಿಂದಲೇ ವರ್ಷವರ್ಷವೂ ಹೇಳುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಅವರ ಓದಿನಲ್ಲಿ ಗೊತ್ತಾಗುತ್ತದೆ. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಊರಿನ ದೇವಸ್ಥಾನದಲ್ಲಿ ಮಳೆಗಾಲದ ಸಂಜೆ ಜೈಮಿನಿ ಭಾರತ ಓದುತ್ತಿದ್ದುದನ್ನು ಕೇಳಿ ಕೇಳಿಯೇ ಚಂದ್ರಹಾಸನ ಕಥೆಯ ಪದ್ಯಗಳು ಅವಳಿಗೆ ಬಾಯಿಗೆ ಬಂದಿದ್ದವು. ಅವಳನ್ನು ಯಾರೂ ಕಳ್ಳದಾರಿ ಹಿಡಿದವಳು ಎನ್ನಲಿಲ್ಲ.

ಕೇಳುವುದರಲ್ಲಿ ನನಗಾದ ಲಾಭವನ್ನೂ ಹೇಳಬೇಕು. ಈ ಪುಸ್ತಕವನ್ನು ಹಿಂದೊಮ್ಮೆ ಅಚ್ಚಿನಲ್ಲಿ ಹಿಡಿದು, ನಲವತ್ತು ಪುಟಕ್ಕೆ ಬಿಟ್ಟಿದ್ದೆ. ಆ ಲೋಕದಲ್ಲಿ ಪ್ರತಿಯೊಬ್ಬ ಮನುಷ್ಯನ ಜೀವವೂ ಅವನ ಹೊರಗೆ ಒಂದು ಪ್ರಾಣಿಯ ರೂಪದಲ್ಲಿ ಜೊತೆಗಿರುತ್ತದೆ. ಮಕ್ಕಳದ್ದು ಗಳಿಗೆಗೊಂದು ರೂಪ ತಾಳುತ್ತದೆ: ಪತಂಗ, ಇಲಿ, ಕಾಡುಬೆಕ್ಕು. ಹರೆಯ ಬಂದಂತೆ ಒಂದೇ ರೂಪಕ್ಕೆ ನಿಲ್ಲುತ್ತದೆ. ಅದರ ಹೆಸರನ್ನು ನಾನು ಕಾಗುಣಿತ ನೋಡಿ ‘ಡೇಮನ್’ ಎಂದು ಓದಿಕೊಂಡಿದ್ದೆ. “ಡೇಮನ್ ಅಲ್ಲ ಮಾವ, ಡೀಮನ್,” ಎಂದು ಹುಡುಗ ತಿದ್ದಿದ. ಓದಲು ಬಾರದವನು ಓದಲು ಬರುವವನ ಉಚ್ಚಾರ ತಿದ್ದಿದ ಖುಷಿ ಅವನ ಮುಖದಲ್ಲಿ ಎರಡು ದಿನ ಇತ್ತು. ಯೋರೆಕ್ ಬಿರ್ನಿಸನ್ ಎಂಬಂಥ ಹೆಸರುಗಳನ್ನು ಕಣ್ಣು ಹಾರಿಸಿಬಿಡುತ್ತದೆ. ಕಿವಿಗೆ ಹಾರಿಸಲು ಬರುವುದಿಲ್ಲ.

ಅವನ ಪ್ರಶ್ನೆಗಳೂ ಹೆಚ್ಚಿದವು. “ಆನ್‌ಬ್ಯಾರಿಕ್ ದೀಪ ಎಂದರೇನು ಮಾವ?” ಸಂದರ್ಭ ನೋಡಿದರೆ ವಿದ್ಯುದ್ದೀಪ. ಆ ಲೋಕದಲ್ಲಿ ಕರೆಂಟಿಗೆ ಆನ್‌ಬ್ಯಾರಿಕ್ ಎನ್ನುತ್ತಾರೆ. ಏಕೆ? ಆಂಬರ್ ಎಂಬುದು ಪುರಾತನ ಮರಗಳ ಅಂಟು ಕಲ್ಲಿನಂತೆ ಗಟ್ಟಿಯಾದದ್ದು. ಅರಬ್ಬಿಯ ‘ಅನ್‌ಬರ್’ ಎಂಬ ಪದದಿಂದ ಆ ಹೆಸರು ಬಂತು. ಉಣ್ಣೆಗೆ ಉಜ್ಜಿದರೆ ಅದು ಹುಲ್ಲಿನ ಚೂರನ್ನು ಸೆಳೆಯುತ್ತದೆ. ಗ್ರೀಕರು ಅದನ್ನು ‘ಎಲೆಕ್ಟ್ರಾನ್’ ಎಂದರು. 1600ರಲ್ಲಿ ವಿಲಿಯಂ ಗಿಲ್ಬರ್ಟ್ ಆ ಪದದಿಂದಲೇ ಈ ಸೆಳೆತಕ್ಕೆ ಹೆಸರು ಕಟ್ಟಿದ, ಅದೇ ನಮ್ಮ ಎಲೆಕ್ಟ್ರಿಸಿಟಿ. ನಾವು ಗ್ರೀಕ್ ಹೆಸರು ಹಿಡಿದೆವು, ಲೈರಾಳ ಲೋಕ ಇನ್ನೊಂದನ್ನು ಹಿಡಿಯಿತು, ಅಷ್ಟೇ. ಮಧ್ಯಾಹ್ನ ನಾವಿಬ್ಬರೂ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತಿದೆವು. ಮೂವತ್ತು ವರ್ಷದಿಂದ ಮಾಡಿಸುವ ಪ್ರಯೋಗ. ಈ ಬಾಗಿಲಿನಿಂದ ಅದಕ್ಕೆ ಹೋದದ್ದು ಮೊದಲ ಸಲ.

ಪುಸ್ತಕಕ್ಕೆ ಹೆಸರು ಕೊಟ್ಟ ಉತ್ತರದ ಬೆಳಕು, ಎಂದರೆ ಧ್ರುವಪ್ರಭೆ, ಕಲ್ಪನೆಯಲ್ಲ. ಸೂರ್ಯನಿಂದ ಹೊರಟ ವಿದ್ಯುದಾವಿಷ್ಟ ಕಣಗಳ ಪ್ರವಾಹ ಭೂಮಿಯ ಕಾಂತಕ್ಷೇತ್ರವನ್ನು ಕಲಕಿದಾಗ, ಧ್ರುವಗಳ ಸುತ್ತ ಎಲೆಕ್ಟ್ರಾನುಗಳು ವೇಗವಾಗಿ ಇಳಿದು, ನೂರು ಕಿಲೋಮೀಟರಿಗಿಂತ ಎತ್ತರದಲ್ಲಿ ಆಮ್ಲಜನಕ, ಸಾರಜನಕಗಳಿಗೆ ಬಡಿದು ಬೆಳಗಿಸುತ್ತವೆ. ಹಸಿರು ಬಣ್ಣ ಆಮ್ಲಜನಕದ್ದು, ಅಲೆಯುದ್ದ 557.7 ನ್ಯಾನೋಮೀಟರ್. ಇನ್ನೂ ಎತ್ತರದಲ್ಲಿ ಅದೇ ಆಮ್ಲಜನಕ ಕೆಂಪು ಬೆಳಕು ಕೊಡುತ್ತದೆ. 2024ರ ಮೇ 10-11ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಎದ್ದಾಗ ಲಡಾಖಿನ ಹಾನ್ಲೆಯ ಆಕಾಶದಲ್ಲೂ ಆ ಕೆಂಪು ಕಾಣಿಸಿತು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ. ಕಥೆಯಲ್ಲಿ ಕವಚ ತೊಟ್ಟ ಕರಡಿಗಳು ಆಳುವ ಸ್ವಾಲ್‌ಬಾರ್ಡ್ ಕೂಡ ನಿಜವಾದ ದ್ವೀಪಸಮೂಹ, ನಾರ್ವೆಗೆ ಸೇರಿದ್ದು. ಅಲ್ಲಿ 2008ರಲ್ಲಿ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ ಶುರುವಾಯಿತು. ಇದನ್ನು ಹೇಳಿದಾಗ ಹುಡುಗ, “ನಮ್ಮವರು ಕರಡಿ ಹತ್ತಿರ ಇದ್ದಾರಾ!” ಎಂದು ಎದ್ದು ನಿಂತ. ಹಿಮಕರಡಿಗಳಿವೆ. ಕವಚವಿಲ್ಲ. ಕಥೆಯ ಕರಡಿಗಳು ತಮ್ಮ ಕವಚವನ್ನು ಆಕಾಶದಿಂದ ಬಿದ್ದ ಕಬ್ಬಿಣದಲ್ಲಿ ಮಾಡಿಕೊಳ್ಳುತ್ತವೆ. ಗ್ರೀನ್‌ಲ್ಯಾಂಡಿನ ಇನ್ಯುಯಿಟ್ ಜನ ಉಲ್ಕೆಯ ಕಬ್ಬಿಣದಿಂದ ನಿಜವಾಗಿಯೂ ಚೂರಿ, ಈಟಿಯ ಮೊನೆ ಮಾಡಿಕೊಳ್ಳುತ್ತಿದ್ದರು.

2007ರಲ್ಲಿ ಇದು ಸಿನಿಮಾ ಆಯಿತು. ದೃಶ್ಯ ತಂತ್ರಗಳಿಗೆ ಆಸ್ಕರ್ ಕೂಡ ಬಂತು. ಹುಡುಗ ಅದನ್ನು ಅರ್ಧ ನೋಡಿ ಬಿಟ್ಟನಂತೆ. “ಆ ಕರಡಿ ನನ್ನದಲ್ಲ ಮಾವ,” ಎಂದ.

ಇಷ್ಟು ಹೊಗಳಿದ ಮೇಲೆ ಕೊರತೆಯನ್ನೂ ಹೇಳದಿದ್ದರೆ ತಪ್ಪಾದೀತು. ಕೇಳುವುದರಿಂದ ಆ 0.9 ಇನ್ನಷ್ಟು ಬೆಳೆಯುತ್ತದೆ: ಪದ ಸಂಪತ್ತು, ಕಥೆಯ ನೆನಪು, ವಾಕ್ಯದ ಬಳಕೆ ಎಲ್ಲ. ಆದರೆ 0.2 ಹಾಗೇ ಉಳಿಯುತ್ತದೆ. ಅಕ್ಷರ ಬಿಡಿಸುವುದನ್ನು ತಿಳಿದವರಿಂದ, ನಿಧಾನವಾಗಿ, ಕಲಿಸಿಯೇ ತೀರಬೇಕು. ಇನ್ನೊಂದು, ಕಣ್ಣು ಬೇಕೆಂದಾಗ ಹಿಂದಿನ ಸಾಲಿಗೆ ಹೋಗುತ್ತದೆ. ಧ್ವನಿ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಅದರಿಂದ ರಸಾಯನಶಾಸ್ತ್ರದ ಸಮೀಕರಣವನ್ನೋ ರೇಖಾಗಣಿತವನ್ನೋ ಕಿವಿಯಿಂದ ಕಲಿಯುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ. ಒಂದೂವರೆ ಪಟ್ಟು ವೇಗದಲ್ಲಿ ಕಥೆ ಕೇಳುವ ಚಟವೂ ನನಗೆ ಅರ್ಥವಾಗದು. ಪಾಯಸವನ್ನು ಯಾರಾದರೂ ಓಡುತ್ತಾ ಕುಡಿಯುತ್ತಾರೆಯೇ?

ಕಿವಿಯ ಆರೋಗ್ಯವನ್ನೂ ಪೋಷಕರು ಗಮನಿಸಬೇಕು. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ ಧ್ವನಿ 75 ಡೆಸಿಬಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಳೆಯುವ ಸಾಧನ ಮನೆಯಲ್ಲಿರುವುದಿಲ್ಲ; ಒಂದು ಕೈಯಳತೆಯ ದೂರದಿಂದ ಸಾಮಾನ್ಯ ದನಿಯಲ್ಲಿ ಮಾತಾಡಿಸಿದರೆ ಅವನಿಗೆ ಕೇಳಿಸಬೇಕು ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ಈ ಪುಸ್ತಕ ತೀರ ಚಿಕ್ಕ ಮಕ್ಕಳಿಗಲ್ಲ ಎಂಬುದೂ ನೆನಪಿರಲಿ. ಮಕ್ಕಳನ್ನು ಕದ್ದೊಯ್ದು ಅವರ ಜೊತೆಜೀವವನ್ನು ಕತ್ತರಿಸಿ ಬೇರ್ಪಡಿಸುವ ಪ್ರಯೋಗಶಾಲೆಯೊಂದು ಇದರಲ್ಲಿ ಬರುತ್ತದೆ. ಆ ಅಧ್ಯಾಯ ಕೇಳಿದ ರಾತ್ರಿ ಹುಡುಗ ನನ್ನ ಕೋಣೆಗೆ ಹಾಸಿಗೆ ತಂದುಕೊಂಡ. ಧರ್ಮಾಧಿಕಾರದ ಬಗ್ಗೆ ಕಟುವಾದ ಮಾತುಗಳೂ ಇವೆ. ಅಮೆರಿಕದಲ್ಲಿ ಕೆಲವು ಕ್ರೈಸ್ತ ಸಂಘಟನೆಗಳು ಸಿನಿಮಾ ಬಂದಾಗ ವಿರೋಧಿಸಿದ್ದವು. ಹನ್ನೆರಡು ದಾಟಿದವರು, ಜೊತೆಗೆ ಒಬ್ಬ ದೊಡ್ಡವರು, ಎಂದರೆ ಸರಿ.

ತಂಗಿ ಫೋನು ಕಿತ್ತಿಡಲಿಲ್ಲ. ಬದಲಿಗೆ ನಾವು ಮೂವರೂ ಒಂದು ಒಪ್ಪಂದಕ್ಕೆ ಬಂದೆವು. ಅಚ್ಚಿನ ಪುಸ್ತಕವನ್ನೂ ತರಿಸಿದ್ದಾಯಿತು. ದಿನಕ್ಕೆ ಒಂದು ಅಧ್ಯಾಯ ಕೇಳುವುದು. ಕೇಳಿದ್ದರಲ್ಲಿ ತನಗೆ ಬೇಕಾದ ಒಂದೇ ಒಂದು ಪುಟವನ್ನು ಅವನು ಬೆರಳಿಟ್ಟು ನೋಡುತ್ತಾ, ಧ್ವನಿಯ ಜೊತೆಗೆ ಓದುವುದು. ಏನು ಬರುತ್ತದೆಂದು ಮೊದಲೇ ಗೊತ್ತಿರುವುದರಿಂದ ಅಕ್ಷರದ ಭಯ ಸ್ವಲ್ಪ ಕಡಿಮೆ. ಮೊದಲ ವಾರ ಬೆರಳು ಧ್ವನಿಗಿಂತ ಎರಡು ಸಾಲು ಹಿಂದೆ ಬೀಳುತ್ತಿತ್ತಂತೆ. ಈಗ ಒಂದು ಸಾಲು ಎಂದು ತಂಗಿ ಮೊನ್ನೆ ಫೋನಿನಲ್ಲಿ ಹೇಳಿದಳು. ಶಾಲೆಯ ಅಂಕಗಳಲ್ಲಿ ಇನ್ನೂ ಏನೂ ಬದಲಾಗಿಲ್ಲ.

ಮೊದಲ ಪುಸ್ತಕ ಮುಗಿದಿದೆ. ಎರಡನೆಯದನ್ನು ಬೇಸಿಗೆ ರಜೆಯಲ್ಲಿ ಒಟ್ಟಿಗೇ ಕೇಳಬೇಕು, ಅಲ್ಲಿಯವರೆಗೆ ಯಾರೂ ಮುಂದೆ ಹೋಗಬಾರದು ಎಂದು ಅವನು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾನೆ. ಎರಡು ಅಧ್ಯಾಯ ಆಗಲೇ ಕೇಳಿಬಿಟ್ಟಿದ್ದೇನೆ. ಈ ಅಂಕಣವನ್ನು ತಂಗಿ ಅವನಿಗೆ ಓದಿ ಹೇಳುವಾಗ ಈ ಒಂದು ಸಾಲನ್ನು ಬಿಡಬೇಕು.